ಗೊತ್ತಿಲ್ಲ ಎನ್ನಲೂ ಜಾಗವಿರಲಿ: ಸಣ್ಣ ಗ್ರಂಥಾಲಯಕ್ಕೊಂದು ಡೇಟಾ ಎಂಟ್ರಿ ಫಾರಂ

ಗ್ರಂಥಾಲಯ ಸಿಬ್ಬಂದಿ ಮತ್ತು ಸ್ವಯಂಸೇವಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ನಮ್ಮ ಹಿರಿಯರ ಶಾಲಾ ದಾಖಲೆಗಳನ್ನು ತೆರೆದು ನೋಡಿದರೆ ಜೂನ್ 1ರಂದು ಹುಟ್ಟಿದವರು ಸಾಲುಸಾಲಾಗಿ ಸಿಗುತ್ತಾರೆ. ನಿಮ್ಮ ಮನೆಯಲ್ಲೂ ಒಬ್ಬರಿಬ್ಬರು ಇದ್ದಾರು. ಕಾರಣ ನಿಮಗೂ ಗೊತ್ತು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆತಾಯಿಗೆ ತಾರೀಕು ನೆನಪಿರುತ್ತಿರಲಿಲ್ಲ. ಜಾತ್ರೆಯ ಮಾರನೆಯ ವಾರ ಎಂದೋ, ದೊಡ್ಡ ಮಳೆ ಬಂದ ವರ್ಷ ಎಂದೋ ಹೇಳುತ್ತಿದ್ದರು. ದಾಖಲಾತಿ ಪುಸ್ತಕದ ಕಲಂ ಮಾತ್ರ ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತಿತ್ತು. ಮೇಷ್ಟ್ರು ಶಾಲೆ ಶುರುವಾಗುವ ಹೊತ್ತಿನ ಒಂದು ದಿನ ಹಾಕಿ ಕಲಂ ತುಂಬಿದರು. ನಾನು ಮೇಷ್ಟ್ರನ್ನು ದೂರುವುದಿಲ್ಲ. ಗೊತ್ತಿದ್ದಷ್ಟನ್ನು ಮಾತ್ರ ಬರೆಯಲು ಆ ಕಲಮಿನಲ್ಲಿ ದಾರಿಯೇ ಇರಲಿಲ್ಲ.

ಈ ಹೊತ್ತು ನಾನು ಹೇಳಬೇಕೆಂದಿರುವುದರ ತಿರುಳು ಅಲ್ಲಿಯೇ ಇದೆ. ನಿಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಇರಬಹುದು, ಲಿಬ್ರೆ ಆಫೀಸಿನ ಬೇಸ್ ಇರಬಹುದು. ಎರಡೂ ಮಾಹಿತಿಯನ್ನು ಟೇಬಲುಗಳಲ್ಲಿ ಕೂಡಿಡುವ ಡೇಟಾಬೇಸ್ ತಂತ್ರಾಂಶಗಳು. ಅದರಲ್ಲಿ ಆಕ್ಸೆಷನ್ ರಿಜಿಸ್ಟರನ್ನು, ಅಂದರೆ ಬಂದ ಪ್ರತಿ ಪುಸ್ತಕಕ್ಕೂ ಒಂದು ನಂಬರ್ ಕೊಟ್ಟು ಬರೆದಿಡುವ ಪಟ್ಟಿಯನ್ನು, ತುಂಬಲು ಒಂದು ಫಾರಂ ಮಾಡುತ್ತೀರಿ. ಆ ಫಾರಂ ಸತ್ಯವನ್ನು ಬರೆಸಿಕೊಳ್ಳುತ್ತದೆಯೋ ಸುಳ್ಳನ್ನು ಹುಟ್ಟಿಸುತ್ತದೆಯೋ ಎಂಬುದು ಅದನ್ನು ರೂಪಿಸಿದವರ ಕೈಯಲ್ಲಿದೆ, ತುಂಬುವವರ ಕೈಯಲ್ಲಿ ಅಲ್ಲ.

ಕೋಹಾ, ಇ-ಗ್ರಂಥಾಲಯದಂಥ ಪೂರ್ಣ ತಂತ್ರಾಂಶಗಳು ಇರುವಾಗ ಆಕ್ಸೆಸ್ ಏಕೆ ಎಂದು ಕೇಳುವವರಿದ್ದೀರಿ. ದೊಡ್ಡ ಗ್ರಂಥಾಲಯವಾದರೆ ಅವನ್ನೇ ಬಳಸಿ, ಅನುಮಾನ ಬೇಡ. ಆದರೆ ಒಂದು ಕೋಣೆ, ಒಂದು ಕಂಪ್ಯೂಟರು, ಸಂಜೆ ಬಂದು ಕೂರುವ ಇಬ್ಬರು ಸ್ವಯಂಸೇವಕರು ಇರುವಲ್ಲಿ ಸರ್ವರ್ ನೋಡಿಕೊಳ್ಳುವವರು ಯಾರು? ಆಕ್ಸೆಸ್ 1992ರಲ್ಲಿ ಬಂದದ್ದು. ಅದರ ಒಂದು ಫೈಲಿಗೆ 2 ಗಿಗಾಬೈಟ್ ಮಿತಿ ಇದೆ. ಚಿತ್ರಗಳನ್ನು ಒಳಗೆ ತುರುಕದಿದ್ದರೆ ಸಣ್ಣ ಗ್ರಂಥಾಲಯದ ಪಟ್ಟಿಗೆ ಅಷ್ಟು ಸಾಕು, ಉಳಿಯುತ್ತದೆ ಕೂಡ. ಉದಾಹರಣೆಗಳನ್ನು ಅದರಿಂದಲೇ ಕೊಡುತ್ತೇನೆ.

ಫಾರಂ ವಿಝಾರ್ಡ್ ಒತ್ತಿದರೆ ಅರೆ ನಿಮಿಷದಲ್ಲಿ ಫಾರಂ ತಯಾರಾಗುತ್ತದೆ. ಟೇಬಲಿನಲ್ಲಿ ಫೀಲ್ಡುಗಳು, ಅಂದರೆ ಮಾಹಿತಿಯ ಕಲಮುಗಳು, ಯಾವ ಕ್ರಮದಲ್ಲಿವೆಯೋ ಅದೇ ಕ್ರಮ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಮೊದಲು ಕೇಳಬೇಕಾದ ಪ್ರಶ್ನೆ ಇದು: ತುಂಬುವವರ ಎಡಗೈಯಲ್ಲಿ ಏನಿರುತ್ತದೆ? ಪುಸ್ತಕವೋ ಹಳೆಯ ರಿಜಿಸ್ಟರೋ?

ಪುಸ್ತಕವಾದರೆ ಮೊದಲು ಶೀರ್ಷಿಕೆ ಪುಟ ತೆರೆಯುತ್ತಾರೆ. ಹೆಸರು, ಲೇಖಕರು, ಪ್ರಕಾಶಕರು, ಊರು ಅಲ್ಲಿ ಸಿಗುತ್ತವೆ. ಹಾಳೆ ಮಗುಚಿದರೆ ಮುದ್ರಣದ ವರ್ಷ, ಐಎಸ್‌ಬಿಎನ್ ಎಂಬ ಪುಸ್ತಕದ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆ, ಪುಟಗಳ ಸಂಖ್ಯೆ, ಬೆಲೆ. ಫಾರಂ ಸಹ ಅದೇ ಕ್ರಮದಲ್ಲಿ ಇಳಿಯಲಿ. ಇದರಿಂದ ಇನ್ನೊಂದು ಲಾಭವೂ ಆಗುತ್ತದೆ: ಕನ್ನಡದಲ್ಲಿ ಟೈಪ್ ಮಾಡುವ ಖಾನೆಗಳೆಲ್ಲ ಒಂದು ಗುಂಪಾಗಿ ಮೇಲೆ ಬರುತ್ತವೆ, ಅಂಕಿಗಳ ಖಾನೆಗಳು ಕೆಳಗೆ. ಕೀಲಿಮಣೆಯನ್ನು ಕನ್ನಡದಿಂದ ಇಂಗ್ಲಿಷಿಗೆ ಬದಲಿಸುವ ಕೆಲಸ ಪುಸ್ತಕಕ್ಕೆ ಒಂದೇ ಸಲ. ವಿಂಡೋಸ್‌ನದೇ ಕನ್ನಡ ಕೀಲಿಮಣೆ ಬಳಸುವವರಿಗೆ ಇನ್ನೂ ಸುಲಭ. ಆಕ್ಸೆಸ್‌ನ ಪ್ರತಿ ಟೆಕ್ಸ್ಟ್ ಬಾಕ್ಸಿಗೂ ಕೀಬೋರ್ಡ್ ಲ್ಯಾಂಗ್ವೇಜ್ ಎಂಬ ಗುಣವಿದೆ. ಅಲ್ಲಿ ಕನ್ನಡ ಎಂದು ಆರಿಸಿದರೆ ಕರ್ಸರ್ ಆ ಖಾನೆಗೆ ಬಂದಾಗ ಭಾಷೆ ತಾನಾಗಿ ಬದಲಾಗುತ್ತದೆ.

ಹಳೆಯ ರಿಜಿಸ್ಟರನ್ನು ನೋಡಿ ತುಂಬುವುದಾದರೆ ಮೇಲಿನ ಕ್ರಮ ಪೂರ್ತಿ ತಪ್ಪು. ಅಲ್ಲಿ ತಾರೀಕು ಮೊದಲು, ಆಕ್ಸೆಷನ್ ನಂಬರ್ ಆಮೇಲೆ, ಬಿಲ್ಲಿನ ವಿವರ ಕೊನೆಗೆ. ಕಣ್ಣು ರಿಜಿಸ್ಟರಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಓಡುತ್ತಿರುವಾಗ ಪರದೆಯ ಮೇಲೆ ಮೇಲಕ್ಕೂ ಕೆಳಕ್ಕೂ ಹಾರಿಸಿದರೆ ಸಾಲು ತಪ್ಪುತ್ತದೆ, ಒಂದು ಪುಸ್ತಕದ ಬೆಲೆ ಇನ್ನೊಂದಕ್ಕೆ ಕೂರುತ್ತದೆ. ಆದ್ದರಿಂದ ಒಂದೇ ಟೇಬಲಿಗೆ ಎರಡು ಫಾರಂ ಮಾಡಿ. ಹೊಸ ಪುಸ್ತಕಕ್ಕೆ ಒಂದು, ಹಳೆಯ ರಿಜಿಸ್ಟರಿಗೆ ಒಂದು. ಎರಡು ಫಾರಂ ಎಂದರೆ ಎರಡು ಡೇಟಾಬೇಸ್ ಎಂದು ಹೆದರುವವರನ್ನು ಕಂಡಿದ್ದೇನೆ. ಫಾರಂ ಬಾಗಿಲು ಮಾತ್ರ, ಮನೆ ಟೇಬಲು.

ರಿಜಿಸ್ಟರ್ ಬರೆದವರ ಜಾಣತನವನ್ನು ಗಮನಿಸಿ. ಒಂದೇ ಬಿಲ್ಲಿನಲ್ಲಿ ನಲವತ್ತು ಪುಸ್ತಕ ಬಂದರೆ ಅಂಗಡಿಯ ಹೆಸರನ್ನು ಒಮ್ಮೆ ಬರೆದು ಕೆಳಗೆಲ್ಲ ಡಿಟ್ಟೋ ಗುರುತು ಹಾಕುತ್ತಿದ್ದರು. ಆಕ್ಸೆಸ್‌ನಲ್ಲಿಯೂ ಆ ಡಿಟ್ಟೋ ಇದೆ. ಕಂಟ್ರೋಲ್ ಕೀಲಿ ಹಿಡಿದು ಅಪಾಸ್ಟ್ರಫಿ ಒತ್ತಿದರೆ ಹಿಂದಿನ ದಾಖಲೆಯ ಅದೇ ಖಾನೆಯಲ್ಲಿದ್ದದ್ದು ಇಲ್ಲಿಗೆ ಇಳಿಯುತ್ತದೆ. ಕಂಟ್ರೋಲ್ ಜೊತೆ ಅರ್ಧವಿರಾಮದ ಕೀಲಿ ಒತ್ತಿದರೆ ಇಂದಿನ ತಾರೀಕು. ಇವೆರಡನ್ನು ಕಲಿಸಿದ ಮೇಲೆ ಟೈಪ್ ಮಾಡುವವರ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ. ಹೊಸ ಪುಸ್ತಕಗಳಿಗೆ ಇನ್ನೂ ಒಳ್ಳೆಯ ದಾರಿ ಸಬ್‌ಫಾರಂ, ಅಂದರೆ ಫಾರಮಿನೊಳಗೆ ಇನ್ನೊಂದು ಫಾರಂ. ಮೇಲೆ ಬಿಲ್ಲು: ಅಂಗಡಿ, ಬಿಲ್ ನಂಬರ್, ತಾರೀಕು, ಒಟ್ಟು ಮೊತ್ತ. ಕೆಳಗೆ ಆ ಬಿಲ್ಲಿನ ಪುಸ್ತಕಗಳ ಸಾಲು. ಪುಸ್ತಕಗಳ ಬೆಲೆ ಕೂಡಿದ ಮೊತ್ತವನ್ನು ಬಿಲ್ಲಿನ ಮೊತ್ತದ ಪಕ್ಕದಲ್ಲೇ ತೋರಿಸಿ. ಎರಡೂ ಹೊಂದದಿದ್ದರೆ ತುಂಬುವವರಿಗೆ ಆಗಲೇ ಕಾಣುತ್ತದೆ, ವರ್ಷದ ಕೊನೆಯಲ್ಲಿ ಆಡಿಟರ್ ಹೇಳುವವರೆಗೆ ಕಾಯಬೇಕಾಗಿಲ್ಲ.

ಕೈ ಮೌಸಿಗೆ ಹೋಗುವುದರ ಬಗ್ಗೆ ಒಂದು ಲೆಕ್ಕ ಹೇಳಬೇಕು. ಕಾರ್ಡ್, ಮೊರಾನ್, ನ್ಯೂಯೆಲ್ ಎಂಬ ಮೂವರು 1980ರಲ್ಲಿ ಕೀಲಿ ಒತ್ತುವ ಮಟ್ಟದಲ್ಲಿ ಕೆಲಸದ ವೇಳೆಯನ್ನು ಅಳೆಯುವ ಮಾದರಿಯೊಂದನ್ನು ಪ್ರಕಟಿಸಿದರು. ಅದರ ಪ್ರಕಾರ ಕೀಲಿಮಣೆಯಿಂದ ಮೌಸಿಗೆ ಕೈ ಹೋಗಲು ಸುಮಾರು 0.4 ಸೆಕೆಂಡು, ಬಾಣವನ್ನು ಗುರಿಗೆ ಒಯ್ಯಲು ಸುಮಾರು 1.1 ಸೆಕೆಂಡು, ಮರಳಿ ಬರಲು ಮತ್ತೆ 0.4. ಒಟ್ಟು 1.9 ಸೆಕೆಂಡು. ಒಂದು ಪುಸ್ತಕಕ್ಕೆ ಐದು ಸಲ ಮೌಸ್ ಹಿಡಿಸುವ ಫಾರಮಿನಲ್ಲಿ ಹತ್ತು ಸಾವಿರ ಪುಸ್ತಕ ತುಂಬಿದರೆ ಕೈ ಅತ್ತಿತ್ತ ಓಡಾಡುವುದಕ್ಕೇ 26 ಗಂಟೆಗೂ ಹೆಚ್ಚು ಹೋಗುತ್ತದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಬಿಡುವಿನ ಸಂಜೆಯನ್ನು ಕೊಟ್ಟು ಬಂದು ಕೂರುವ ಸ್ವಯಂಸೇವಕರ ಸಮಯಕ್ಕೂ ಅದೇ ಗೌರವ ಸಲ್ಲಬೇಕು ಎಂದು ನಾನು ನಂಬುತ್ತೇನೆ.

ಆದ್ದರಿಂದ ಟ್ಯಾಬ್ ಆರ್ಡರನ್ನು, ಅಂದರೆ ಟ್ಯಾಬ್ ಕೀಲಿ ಒತ್ತಿದಾಗ ಕರ್ಸರ್ ಖಾನೆಯಿಂದ ಖಾನೆಗೆ ಹೋಗುವ ಕ್ರಮವನ್ನು, ತಪ್ಪದೆ ನೋಡಿ. ಫಾರಂ ಮುಗಿದ ಮೇಲೆ ನಡುವೆ ಹೊಸ ಖಾನೆ ಸೇರಿಸಿದರೆ ಆಕ್ಸೆಸ್ ಅದನ್ನು ಟ್ಯಾಬ್ ಸಾಲಿನ ಕೊನೆಗೆ ಹಾಕುತ್ತದೆ. ಕಣ್ಣಿಗೆ ಲೇಖಕರ ಕೆಳಗೇ ಅನುವಾದಕರು ಕಾಣುತ್ತಾರೆ, ಕರ್ಸರ್ ಮಾತ್ರ ಬೆಲೆಯನ್ನೂ ದಾಟಿ ಹೋಗಿ ಅಲ್ಲಿಗೆ ಬರುತ್ತದೆ. ಸೈಕಲ್ ಎಂಬ ಗುಣವನ್ನು ಈಗಿನ ದಾಖಲೆಗೆ ಸೀಮಿತಗೊಳಿಸಿ. ಇಲ್ಲವಾದರೆ ಕೊನೆಯ ಖಾನೆಯಲ್ಲಿ ಟ್ಯಾಬ್ ಒತ್ತಿದ ಕೂಡಲೇ ದಾಖಲೆ ಉಳಿದು, ಮುಂದಿನ ಖಾಲಿ ದಾಖಲೆ ಬಂದು ನಿಲ್ಲುತ್ತದೆ. ಎಸ್ಕೇಪ್ ಕೀಲಿಯನ್ನೂ ಎಲ್ಲರಿಗೂ ಕಲಿಸಿ. ಒಮ್ಮೆ ಒತ್ತಿದರೆ ಆ ಖಾನೆಯ ಬದಲಾವಣೆ ರದ್ದು, ಎರಡನೆಯ ಸಲ ಒತ್ತಿದರೆ ಇನ್ನೂ ಉಳಿಸದ ಇಡೀ ದಾಖಲೆಯ ಬದಲಾವಣೆ ರದ್ದು. ಡೇಟಾ ಎಂಟ್ರಿ ಎಂಬ ಗುಣವನ್ನು ಹೌದು ಎಂದು ಇಟ್ಟರೆ ಹಳೆಯ ದಾಖಲೆಗಳು ಫಾರಮಿನಲ್ಲಿ ಕಾಣುವುದೇ ಇಲ್ಲ. ಅವು ಟೇಬಲಿನಲ್ಲಿ ಭದ್ರವಾಗಿಯೇ ಇರುತ್ತವೆ. ಮೊದಲೇ ತಿಳಿಸದಿದ್ದರೆ ಎಲ್ಲವೂ ಅಳಿಸಿ ಹೋಯಿತೆಂದು ಯಾರಾದರೂ ಗಾಬರಿಯಾಗುತ್ತಾರೆ.

ಆಕ್ಸೆಷನ್ ನಂಬರಿಗೆ ಆಟೋನಂಬರ್, ಅಂದರೆ ಆಕ್ಸೆಸ್ ತಾನಾಗಿ ಕೊಡುವ ಸಂಖ್ಯೆ, ಇಡಬೇಡಿ. ಖಾನೆಯಲ್ಲಿ ಒಂದು ಅಕ್ಷರ ಬಿದ್ದ ಕೂಡಲೇ ಆಟೋನಂಬರ್ ಒಂದು ಸಂಖ್ಯೆ ಹಿಡಿದುಬಿಡುತ್ತದೆ. ಬೇಡವೆಂದು ಎಸ್ಕೇಪ್ ಒತ್ತಿದರೆ ಆ ಸಂಖ್ಯೆ ಹೋಯಿತು, ಮರಳಿ ಬರುವುದಿಲ್ಲ. ಸ್ಟಾಕ್ ತಪಾಸಣೆಗೆ ಬಂದವರು ನಡುವೆ ಬಿಟ್ಟುಹೋದ ನಂಬರುಗಳ ಪುಸ್ತಕ ಎಲ್ಲಿ ಎಂದು ಕೇಳಿದಾಗ ಹುಟ್ಟದೇ ಇದ್ದ ಪುಸ್ತಕಕ್ಕೆ ಉತ್ತರ ಕೊಡಬೇಕಾಗುತ್ತದೆ. ಟೇಬಲುಗಳನ್ನು ಬೆಸೆಯಲು ಆಟೋನಂಬರ್ ಒಳಗೆ ಇರಲಿ, ಯಾರಿಗೂ ಕಾಣಬೇಕಾಗಿಲ್ಲ. ಆಕ್ಸೆಷನ್ ನಂಬರ್ ಬೇರೆ ಫೀಲ್ಡು. ಒಂದೇ ನಂಬರ್ ಎರಡು ಸಲ ಬರದಂತೆ ಇಂಡೆಕ್ಸ್ ಹಾಕಿ, ಇದುವರೆಗಿನ ದೊಡ್ಡ ನಂಬರಿಗೆ ಒಂದು ಕೂಡಿಸಿ, ದಾಖಲೆ ಉಳಿಯುವ ಕ್ಷಣದಲ್ಲಿ, ಅಂದರೆ ಫಾರಮಿನ ಬಿಫೋರ್ ಅಪ್‌ಡೇಟ್ ಹಂತದಲ್ಲಿ ತುಂಬಿಸಿ.

ಈಗ ‘ಗೊತ್ತಿಲ್ಲ’ದ ವಿಷಯಕ್ಕೆ ಬರುತ್ತೇನೆ. ಫೀಲ್ಡಿಗೆ ರಿಕ್ವೈರ್ಡ್ ಎಂಬ ಗುಣವಿದೆ. ಹೌದು ಎಂದು ಇಟ್ಟರೆ ಖಾಲಿ ಬಿಡಲು ಆಗುವುದಿಲ್ಲ. ಮಾಹಿತಿ ಪೂರ್ಣವಾಗಿರಲಿ ಎಂಬ ಆಸೆಯಿಂದ ಬಹಳ ಮಂದಿ ಎಲ್ಲ ಫೀಲ್ಡಿಗೂ ಅದನ್ನು ಹಚ್ಚುತ್ತಾರೆ. ಐಎಸ್‌ಬಿಎನ್ ಕಡ್ಡಾಯ ಮಾಡಿದಿರಿ ಎಂದುಕೊಳ್ಳಿ. 1950ರ ದಶಕದ ಕಾದಂಬರಿಗೆ ಆ ಸಂಖ್ಯೆ ಎಲ್ಲಿಂದ ತರುವುದು? ಆಗ ಅಂಥ ವ್ಯವಸ್ಥೆಯೇ ಇರಲಿಲ್ಲ. ತುಂಬುವವರು ಸೊನ್ನೆಗಳನ್ನು ಒತ್ತುತ್ತಾರೆ. ಮುಂದಿನವರು ಅದನ್ನು ನೋಡಿ ಹಾಗೇ ಮಾಡಬೇಕೆಂದು ತಿಳಿಯುತ್ತಾರೆ. ಕಡ್ಡಾಯ ಮಾಡಲು ಯೋಗ್ಯವಾದವು ಎರಡೇ: ಆಕ್ಸೆಷನ್ ನಂಬರ್ ಮತ್ತು ಶೀರ್ಷಿಕೆ. ಪುಸ್ತಕ ಕೈಯಲ್ಲಿರುವಾಗ ಇವೆರಡು ಇಲ್ಲದೆ ಇರುವುದಿಲ್ಲ. ಮೊದಲ ಹಾಳೆ ಹರಿದುಹೋದ ಪುಸ್ತಕಕ್ಕೂ ಒಂದು ಹೆಸರು ಕೊಟ್ಟೇ ನಂಬರ್ ಹಾಕುತ್ತೇವೆ.

ಹಾಗಾದರೆ ಉಳಿದವನ್ನು ಸುಮ್ಮನೆ ಖಾಲಿ ಬಿಟ್ಟರೆ ಸಾಕೇ? ಅದೂ ಸಾಲದು. ವರ್ಷದ ಖಾನೆ ಖಾಲಿ ಇದ್ದರೆ ಪುಸ್ತಕದಲ್ಲಿ ವರ್ಷ ಅಚ್ಚಾಗಿಲ್ಲವೋ, ಹಾಳೆ ಹರಿದಿದೆಯೋ, ತುಂಬುವವರು ನೋಡಲು ಮರೆತರೋ ತಿಳಿಯುವುದಿಲ್ಲ. ಮೂರಕ್ಕೂ ಮುಂದಿನ ಕೆಲಸ ಬೇರೆ ಬೇರೆ. ವರ್ಷದ ಪಕ್ಕದಲ್ಲಿ ಒಂದು ಚಿಕ್ಕ ಆಯ್ಕೆ ಇಡಿ: ಅಚ್ಚಾಗಿದೆ, ಅಚ್ಚಾಗಿಲ್ಲ, ಓದಲಾಗದು. ಅದೂ ಖಾಲಿ ಇದ್ದರೆ ಇನ್ನೂ ನೋಡಿಲ್ಲ ಎಂದರ್ಥ. ಖಾಲಿಯ ಇನ್ನೊಂದು ತೊಡಕು ಹುಡುಕುವಾಗ ಬರುತ್ತದೆ. ಭಾಷೆ ಕನ್ನಡವಲ್ಲದ ಪುಸ್ತಕಗಳನ್ನು ತೋರಿಸು ಎಂದು ಕ್ವೆರಿ ಬರೆದರೆ ಭಾಷೆಯ ಖಾನೆ ಖಾಲಿ ಇರುವವು ಪಟ್ಟಿಗೆ ಬರುವುದೇ ಇಲ್ಲ. ಡೇಟಾಬೇಸಿನ ಲೆಕ್ಕದಲ್ಲಿ ಖಾಲಿ ಎಂಬುದು ಯಾವುದಕ್ಕೂ ಸಮವೂ ಅಲ್ಲ, ಅಸಮವೂ ಅಲ್ಲ.

ಹಳೆಯ ಕನ್ನಡ ಪುಸ್ತಕಗಳು ಈ ವಿಷಯದಲ್ಲಿ ನಮಗೆ ಒಳ್ಳೆಯ ಗುರುಗಳು. ಬೆಲೆ 12 ಆಣೆ ಎಂದಿರುತ್ತದೆ. ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ. ಬೆಲೆಯ ಖಾನೆ ಹಣದ ಲೆಕ್ಕವನ್ನು ಮಾತ್ರ ಒಪ್ಪುವುದಾದರೆ ತುಂಬುವವರು 12 ಎಂದು ಒತ್ತುತ್ತಾರೆ, ಮುಕ್ಕಾಲು ರೂಪಾಯಿಯ ಪುಸ್ತಕ ಹನ್ನೆರಡು ರೂಪಾಯಿಯದಾಗುತ್ತದೆ. ಪ್ರಕಟಣೆಯ ಕಾಲ ಶಾಲಿವಾಹನ ಶಕೆಯಲ್ಲಿಯೋ ಸಂವತ್ಸರದ ಹೆಸರಿನಲ್ಲಿಯೋ ಇರುತ್ತದೆ. ಶಕ 1840 ಎಂದರೆ 1918ರ ಯುಗಾದಿಯಿಂದ 1919ರ ಯುಗಾದಿಯವರೆಗೆ. ಅದು 1918ರ ಪುಸ್ತಕವೋ 1919ರದ್ದೋ ಹೇಳಲು ಬೇರೆ ಆಧಾರ ಬೇಕು. ಸಂವತ್ಸರವಾದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಇದಕ್ಕೆ ನಾನು ಸೂಚಿಸುವ ದಾರಿ ಎರಡು ಖಾನೆಗಳದು. ಪುಸ್ತಕದಲ್ಲಿ ಇದ್ದಂತೆ ಎಂಬ ಖಾನೆ ಅಕ್ಷರಗಳದು. ಅಲ್ಲಿ ಕಂಡದ್ದನ್ನು ಕಂಡಂತೆ ಬರೆಯಬೇಕು. ಪಕ್ಕದ ಖಾನೆ ಇಸವಿಯ ಅಂಕಿಯದು. ಅದು ಖಾಲಿ ಇರಬಹುದು, ಬಲ್ಲವರು ಆಮೇಲೆ ತುಂಬಬಹುದು. ಬೆಲೆಗೂ ಹಾಗೆಯೇ. ಮೊದಲನೆಯ ಖಾನೆಯಲ್ಲಿ ಯಾವ ತಪಾಸಣೆಯೂ ಇರಬಾರದು.

ಹೆಸರುಗಳದೂ ಇದೇ ಕತೆ. ಸಿದ್ಧ ಮಾದರಿಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳು ಇರುತ್ತವೆ. ಕುವೆಂಪು ಎಂಬುದನ್ನು ಎಲ್ಲಿ ಒಡೆಯುತ್ತೀರಿ? ಶೀರ್ಷಿಕೆ ಪುಟದಲ್ಲಿ ಇದ್ದಂತೆ ಒಂದು ಖಾನೆ ಇರಲಿ. ಲೇಖಕರ ಟೇಬಲ್ ಬೇರೆ ಇದ್ದು, ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ ಎಂಬುದು ಅಲ್ಲಿ ದಾಖಲಾಗಲಿ. ಫಾರಮಿನಲ್ಲಿ ಪಟ್ಟಿಯಿಂದ ಆರಿಸುವ ಕಾಂಬೋ ಬಾಕ್ಸ್ ಇಟ್ಟರೆ ಎರಡಕ್ಷರ ಒತ್ತುವಷ್ಟರಲ್ಲಿ ಹೆಸರು ಸಿಗುತ್ತದೆ, ಒಬ್ಬ ಪ್ರಕಾಶಕರ ಹೆಸರು ನಾಲ್ಕು ಬಗೆಯಲ್ಲಿ ಸೇರುವುದೂ ತಪ್ಪುತ್ತದೆ. ಆದರೆ ಪಟ್ಟಿಯಲ್ಲಿ ಇಲ್ಲದ ಹೆಸರು ಬಂದಾಗ ಬಾಗಿಲು ಮುಚ್ಚಬೇಡಿ. ನಾಟ್ ಇನ್ ಲಿಸ್ಟ್ ಎಂಬ ಘಟನೆಯಲ್ಲಿ ಈ ಹೆಸರು ಹೊಸದು, ಸೇರಿಸಲೇ ಎಂದು ಕೇಳುವ ವ್ಯವಸ್ಥೆ ಮಾಡಿ. ಸೇರಿಸಲು ಬಿಡದಿದ್ದರೆ ಜನ ಪಟ್ಟಿಯಲ್ಲಿ ಹತ್ತಿರದ್ದೊಂದನ್ನು ಆರಿಸಿ ಮುಂದೆ ಹೋಗುತ್ತಾರೆ.

ತಪಾಸಣೆ ಬೇಡವೇ ಎಂದರೆ ಖಂಡಿತ ಬೇಕು. ಅಸಾಧ್ಯವಾದದ್ದನ್ನು ತಡೆಯಿರಿ, ಅಪರೂಪದ್ದನ್ನು ಕೇಳಿ ಒಪ್ಪಿಕೊಳ್ಳಿ. ಮುಂದಿನ ದಶಕದ ಪ್ರಕಟಣೆ ವರ್ಷ ಅಸಾಧ್ಯ. ಎರಡು ಸಾವಿರ ಪುಟದ ಪುಸ್ತಕ ಅಪರೂಪ, ಆದರೆ ನಿಘಂಟು ಇರಬಹುದು. ಪ್ರತಿಯೊಂದಕ್ಕೂ ಸಂದೇಶದ ಪೆಟ್ಟಿಗೆ ಎದ್ದು ನಿಂತರೆ ಬೆರಳು ಓದದೆಯೇ ಎಂಟರ್ ಒತ್ತುವ ಅಭ್ಯಾಸ ಮಾಡಿಕೊಳ್ಳುತ್ತದೆ. ಎಂಟ್ರಿ ತಪ್ಪಾಗಿದೆ ಎಂಬ ಸಂದೇಶದಿಂದ ಯಾರಿಗೂ ಉಪಯೋಗವಿಲ್ಲ. ಈ ನಂಬರ್ ಈಗಾಗಲೇ ಇಂಥ ಪುಸ್ತಕಕ್ಕೆ ಇದೆ ಎಂದು ಆ ಪುಸ್ತಕದ ಹೆಸರನ್ನೇ ತೋರಿಸಿ.

ಐಎಸ್‌ಬಿಎನ್ ತಪಾಸಣೆಗೆ ಹೇಳಿ ಮಾಡಿಸಿದ್ದು. 2007ರಿಂದ ಬಳಕೆಯಲ್ಲಿರುವ 13 ಅಂಕಿಯ ಸಂಖ್ಯೆಯಲ್ಲಿ ಅಂಕಿಗಳನ್ನು ಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿದರೆ ಬರುವ ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗಬೇಕು. ಒಂದು ಅಂಕಿ ತಪ್ಪಿದರೆ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲು ಬದಲಾದರೂ ಬಹುತೇಕ ಸಿಗುತ್ತದೆ, ಅವುಗಳ ವ್ಯತ್ಯಾಸ ಐದಾಗಿದ್ದರೆ ಮಾತ್ರ ಇಲ್ಲ. 27 ಎನ್ನುವಲ್ಲಿ 72 ಒತ್ತಿದರೆ ಫಾರಂ ಒಪ್ಪಿಬಿಡುತ್ತದೆ. ಹಳೆಯ 10 ಅಂಕಿಯ ಸಂಖ್ಯೆ 11ರಿಂದ ಭಾಗಿಸುವ ಲೆಕ್ಕದ್ದಾದ್ದರಿಂದ ಈ ಅದಲು ಬದಲನ್ನೂ ಹಿಡಿಯುತ್ತಿತ್ತು. ಲೆಕ್ಕ ಹೊಂದದಿದ್ದರೂ ಉಳಿಸಲು ಬಿಡಿ, ಬಣ್ಣ ಬದಲಿಸಿ ತೋರಿಸಿ. ಪುಸ್ತಕದ ಮೇಲೆಯೇ ತಪ್ಪಾಗಿ ಅಚ್ಚಾಗಿರುವುದೂ ಉಂಟು.

ತಾರೀಕಿನಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಆ ಕಂಪ್ಯೂಟರಿನ ವಿಂಡೋಸ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 5/4 ಎಂದು ಒತ್ತಿದ್ದು ಮೇ 4 ಆಗುತ್ತದೆ. 15/4 ಎಂದು ಒತ್ತಿದರೆ ಹದಿನೈದನೆಯ ತಿಂಗಳು ಇಲ್ಲವಲ್ಲ, ಆಗ ಆಕ್ಸೆಸ್ ತಾನೇ ತಿರುಗಿಸಿ ಏಪ್ರಿಲ್ 15 ಎಂದು ತೆಗೆದುಕೊಳ್ಳುತ್ತದೆ. ಯಾವ ಸಂದೇಶವೂ ಬರುವುದಿಲ್ಲ. ಹೀಗೆ ತಿಂಗಳ ಮೊದಲ ಹನ್ನೆರಡು ದಿನಗಳ ತಾರೀಕುಗಳು ಕೆಟ್ಟು, ಉಳಿದವು ಸರಿಯಾಗಿ ಕೂರುತ್ತವೆ. ಒಂದೆರಡು ದಾಖಲೆ ನೋಡಿದವರಿಗೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಸೆಟ್ಟಿಂಗ್ ಸರಿಪಡಿಸಿ. ಜೊತೆಗೆ ತಾರೀಕಿನ ಖಾನೆಯ ಫಾರ್ಮ್ಯಾಟನ್ನು ತಿಂಗಳ ಹೆಸರು ಬರುವಂತೆ ಇಡಿ. ಒತ್ತಿದ ಮರುಕ್ಷಣ ತಿಂಗಳು ಅಕ್ಷರದಲ್ಲಿ ಕಂಡರೆ ತುಂಬುವವರೇ ತಪ್ಪು ಹಿಡಿಯುತ್ತಾರೆ.

ಕನ್ನಡಕ್ಕೇ ಸೇರಿದ ಕೆಲವು ತೊಂದರೆಗಳಿವೆ. ಇವು ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಸಿಗುವುದಿಲ್ಲ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ವಿಝಾರ್ಡ್ ಮಾಡುವ ಟೆಕ್ಸ್ಟ್ ಬಾಕ್ಸಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು. ಶಾಸ್ತ್ರ, ರಾಷ್ಟ್ರ ಎಂದು ಬರೆದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ಒತ್ತು ಕಾಣದಿದ್ದರೆ ಕಾಗುಣಿತದ ತಪ್ಪೂ ಕಾಣುವುದಿಲ್ಲ. ಫಾಂಟ್ ತುಂಗಾ ಆಗಲಿ ನಿರ್ಮಲಾ ಆಗಲಿ, ಅಕ್ಷರದ ಗಾತ್ರ ಹೆಚ್ಚಿಸಿ, ಪೆಟ್ಟಿಗೆಯ ಎತ್ತರವನ್ನು ಎರಡು ಒತ್ತುಗಳಿಗೆ ಸಾಲುವಷ್ಟು ಬಿಡಿ.

ಇನ್ನೊಂದು ಸೊನ್ನೆಯ ಸಮಸ್ಯೆ. ಕನ್ನಡದ ಅಂಕಿ ಸೊನ್ನೆ ಮತ್ತು ಅನುಸ್ವಾರ ಪರದೆಯ ಮೇಲೆ ಅಣ್ಣತಮ್ಮಂದಿರಂತೆ ಇರುತ್ತವೆ. ಅವಸರದಲ್ಲಿ ಸಂಸ್ಕೃತಿ ಎನ್ನುವಲ್ಲಿ ಸ೦ಸ್ಕೃತಿ ಎಂದು ಬೀಳುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆ ಪುಸ್ತಕ ಕಪಾಟಿನಲ್ಲಿದ್ದರೂ ಹುಡುಕಿದವರಿಗೆ ಸಿಗುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡ ಸೊನ್ನೆಯ ಸಂಖ್ಯೆ 3302, ಅನುಸ್ವಾರದ್ದು 3202. ದಾಖಲೆ ಉಳಿಯುವ ಮುನ್ನ ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸುವ ನಾಲ್ಕು ಸಾಲಿನ ಕೋಡ್ ಬರೆಯಿರಿ. ಅಂಕಿಯ ಬೆನ್ನಿಗೆ ಬಂದದ್ದನ್ನು ಮುಟ್ಟಬೇಡಿ, ಅದು ನಿಜವಾದ ಸೊನ್ನೆ. ಅಕ್ಷರಗಳ ಬದಲು ಈ ಸಂಖ್ಯೆಗಳನ್ನೇ ಏಕೆ ಬಳಸಬೇಕೆಂದರೆ ಆಕ್ಸೆಸ್‌ನ ಕೋಡ್ ಬರೆಯುವ ಕಿಟಕಿಗೆ ಕನ್ನಡ ಗೊತ್ತಿಲ್ಲ. ಅಲ್ಲಿ ಕನ್ನಡ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಕನ್ನಡ ಸಂದೇಶಗಳನ್ನು ಒಂದು ಟೇಬಲಿನಲ್ಲಿ ಇಟ್ಟು, ಫಾರಮಿನ ಮೇಲಿನ ಲೇಬಲಿನಲ್ಲಿ ತೋರಿಸಿದರೆ ಈ ತೊಡಕು ದಾಟುತ್ತದೆ. ಕನ್ನಡ ಗ್ರಂಥಾಲಯದ ಫಾರಂ ತುಂಬುವವರೊಂದಿಗೆ ಕನ್ನಡದಲ್ಲಿಯೇ ಮಾತಾಡಬೇಕು. ಅದಕ್ಕಾಗಿ ಇಷ್ಟು ಸುತ್ತು ಬಳಸಿದರೂ ತಪ್ಪಿಲ್ಲ.

ಫಾರಂ ಒಂದು ಹಂತಕ್ಕೆ ಬಂದ ಮೇಲೆ ತುಂಬುವವರನ್ನೇ ಕೂರಿಸಿ, ಕಪಾಟಿನ ತೀರ ಹಳೆಯ ಪುಸ್ತಕಗಳನ್ನು ಕೊಟ್ಟು, ಹಿಂದೆ ನಿಂತು ನೋಡಿ. ಮಾತಾಡಬೇಡಿ, ಹೀಗೆ ಒತ್ತಿ ಎಂದು ಹೇಳಿಕೊಡಬೇಡಿ. ಅವರ ಕೈ ಎಲ್ಲಿ ತಡೆಯಿತು, ಎಲ್ಲಿ ಮೌಸ್ ಹಿಡಿದರು, ಯಾವ ಖಾನೆಯ ಮುಂದೆ ಪುಸ್ತಕವನ್ನು ಮತ್ತೆ ಮತ್ತೆ ತಿರುವಿದರು ಎಂಬುದನ್ನು ಬರೆದುಕೊಳ್ಳಿ.

ಕೊನೆಯದಾಗಿ ಷರಾ ಕಲಂ. ಶಿಸ್ತು ಇಷ್ಟಪಡುವವರು ಇದನ್ನು ತೆಗೆದುಹಾಕುತ್ತಾರೆ, ಏನು ಬೇಕಾದರೂ ಬರೆಯುವ ಖಾನೆ ಏಕೆ ಎಂದು. ನಾನು ಅದನ್ನು ಉಳಿಸಿಕೊಳ್ಳುತ್ತೇನೆ, ದೊಡ್ಡದಾಗಿಯೇ ಇಡುತ್ತೇನೆ. ಎರಡು ಮೂರು ತಿಂಗಳು ಕೆಲಸ ನಡೆದ ಮೇಲೆ ಆ ಒಂದು ಕಲಮನ್ನು ಮಾತ್ರ ಮುದ್ರಿಸಿ ಕುಳಿತು ಓದಿ. ಲೇಖಕರ ಸಹಿ ಇದೆ, ಇಂಥವರು ದಾನ ಕೊಟ್ಟದ್ದು, ಎರಡು ಪುಸ್ತಕ ಒಟ್ಟಿಗೆ ಬೈಂಡ್ ಆಗಿದೆ, ನಡುವೆ ಹಾಳೆ ಇಲ್ಲ ಎಂಬ ಸಾಲುಗಳು ಸಿಗುತ್ತವೆ. ಒಂದೇ ಬಗೆಯ ಮಾತು ಮತ್ತೆ ಮತ್ತೆ ಬಂದಿದ್ದರೆ ಅದಕ್ಕೊಂದು ಖಾನೆ ಬೇಕಾಗಿದೆ ಎಂದರ್ಥ. ದಾನಿಯ ಹೆಸರಿಗೆ ಫೀಲ್ಡ್ ಸೇರಿಸಿ, ಟ್ಯಾಬ್ ಆರ್ಡರ್ ಸರಿಪಡಿಸಿ, ಷರಾದಲ್ಲಿರುವ ಹೆಸರುಗಳನ್ನು ಅಲ್ಲಿಗೆ ಸಾಗಿಸಿ. ಷರಾ ಕಲಮನ್ನು ಹಾಗೆಯೇ ಇಟ್ಟುಕೊಳ್ಳಿ, ಮುಂದಿನ ಸಲ ಓದಲು ಬೇಕಾಗುತ್ತದೆ.